ಪಿಚರ್: 1,640ರಿಂದ 20ಕ್ಕೆ ಇಳಿದ ಊರು

ಹೋದ ಸೆಮಿಸ್ಟರ್‌ನಲ್ಲಿ ನಮಗೊಂದು ಅಸೈನ್‌ಮೆಂಟ್ ಇತ್ತು. ಯಾವುದಾದರೂ ಒಂದು ಊರಿನ ಜನಸಂಖ್ಯೆ ತಗೊಂಡು, ಗ್ರಾಫ್ ಹಾಕಿ, ಅದಕ್ಕೆ ಸರಿಹೊಂದೋ ಕರ್ವ್ ಹುಡುಕಬೇಕು. ಕ್ಲಾಸಲ್ಲಿ ಅರ್ಧ ಜನ ಬೆಂಗಳೂರು ತಗೊಂಡ್ರು. ನಾನು ಸ್ವಲ್ಪ ಬೇರೆ ಇರಲಿ ಅಂತ ಅಮೆರಿಕದ ಸೆನ್ಸಸ್ ಅಂಕಿಗಳನ್ನ ಹುಡುಕ್ತಾ ಒಕ್ಲಹೋಮ ರಾಜ್ಯದ ಪಿಚರ್ ಅನ್ನೋ ಪುಟ್ಟ ಊರಿಗೆ ಬಂದು ನಿಂತೆ. ನಿಜ ಹೇಳ್ಬೇಕಂದ್ರೆ ಹೆಸರು 'ಪಿಕ್ಚರ್' ಥರ ಕೇಳುತ್ತೆ ಅಂತಲೇ ಕ್ಲಿಕ್ ಮಾಡಿದ್ದು.

ಅಂಕಿಗಳು ಹೀಗಿದ್ದವು. 1920ರಲ್ಲಿ 9,726 ಜನ. 1930ರಲ್ಲಿ 7,773. 1940ರಲ್ಲಿ 5,848. 1950ರಲ್ಲಿ 3,951. 1960ರಲ್ಲಿ 2,553. 1970ರಲ್ಲಿ 2,363. 1980ರಲ್ಲಿ 2,180. 1990ರಲ್ಲಿ 1,714. 2000ರಲ್ಲಿ 1,640. ಆಮೇಲೆ 2010ರಲ್ಲಿ 20.

ಇಪ್ಪತ್ತು! ಯಾರೋ ಟೈಪ್ ಮಾಡೋವಾಗ ಎರಡು ಸೊನ್ನೆ ಬಿಟ್ಟಿದ್ದಾರೆ ಅಂದ್ಕೊಂಡೆ. ಬೇರೆ ಕಡೆ ಚೆಕ್ ಮಾಡಿದೆ, ಅಲ್ಲೂ 20. ಮಾರ್ಕ್ಸ್ ಹೋಗುತ್ತೆ ಅಂತ ಭಯಪಟ್ಟು ಊರು ಬದಲಾಯಿಸಿ ಅಸೈನ್‌ಮೆಂಟ್ ಮುಗಿಸಿದೆ. ಆದರೆ ಆ 20 ತಲೆಯಿಂದ ಹೋಗಲಿಲ್ಲ. ರಜೆಯಲ್ಲಿ ಕೂತು ಓದಿದೆ. ಓದಿದ್ದನ್ನ ನಿಮಗೆ ಹೇಳಲೇಬೇಕು ಅನ್ನಿಸಿ ಇದನ್ನ ಬರೀತಿದ್ದೀನಿ. ನನ್ನ ಕನ್ನಡ ಅಷ್ಟಕ್ಕಷ್ಟೇ, ತಪ್ಪಿದ್ರೆ ಅಡ್ಜಸ್ಟ್ ಮಾಡ್ಕೊಳ್ಳಿ.

ಈ ಗ್ರಾಫನ್ನ ಸರಿಯಾಗಿ ನೋಡಿದ್ರೆ ಎರಡು ಇಳಿತ ಕಾಣುತ್ತೆ. ಮೊದಲನೆಯದು 1920ರ ದಶಕದಿಂದ ನಿಧಾನವಾಗಿ ಇಳಿಯೋ ಇಳಿಜಾರು. ಎರಡನೆಯದು 2000 ಆದ್ಮೇಲೆ ಬರೋ ಪ್ರಪಾತ. ಮೊದಲನೆಯದಕ್ಕೆ ಕಾರಣ ಗಣಿ ಖಾಲಿ ಆಗಿದ್ದು. ಎರಡನೆಯದಕ್ಕೆ ಕಾರಣ ಗಣಿ ಬಿಟ್ಟುಹೋಗಿದ್ದು. ಈ ವ್ಯತ್ಯಾಸವೇ ಈ ಲೇಖನ.

ಊರು ಹುಟ್ಟಿದ್ದು ಹೇಗೆ

ಪಿಚರ್ ಇರೋದು ಒಕ್ಲಹೋಮದ ಈಶಾನ್ಯ ಮೂಲೆಯಲ್ಲಿ, ಕ್ಯಾನ್ಸಸ್ ಗಡಿಗೆ ಅಂಟಿಕೊಂಡ ಹಾಗೆ. ಮಿಸ್ಸೌರಿ ಗಡಿಯೂ ಹತ್ತಿರ. ಮೂರು ರಾಜ್ಯ ಸೇರೋ ಜಾಗ ಆದ್ದರಿಂದ ಇಲ್ಲಿನ ಗಣಿ ಪ್ರದೇಶಕ್ಕೆ ಟ್ರೈ-ಸ್ಟೇಟ್ ಅಂತಲೇ ಹೆಸರು.

ಈ ನೆಲ ಕ್ವಾಪಾ ಅನ್ನೋ ಮೂಲನಿವಾಸಿ ಜನರದ್ದು. ಅವರ ಹಳೆಯ ನೆಲ ಇದ್ದದ್ದು ಆರ್ಕನ್ಸಾದಲ್ಲಿ. ಅಲ್ಲಿಂದ ಎಬ್ಬಿಸಿ 1830ರ ದಶಕದಲ್ಲಿ ಇಲ್ಲಿಗೆ ಕಳಿಸಿದ್ರು. 1890ರ ದಶಕದಲ್ಲಿ ಆ ನೆಲವನ್ನ ಒಬ್ಬೊಬ್ಬರ ಹೆಸರಿಗೆ ಹಂಚಿದ್ರು. 1913-14ರ ಹೊತ್ತಿಗೆ ಹ್ಯಾರಿ ಕ್ರಾಫಿಶ್ ಅನ್ನೋ ಕ್ವಾಪಾ ವ್ಯಕ್ತಿಯ ಜಮೀನಿನ ಕೆಳಗೆ ಭಾರಿ ಪ್ರಮಾಣದಲ್ಲಿ ಸೀಸ ಮತ್ತು ಸತುವಿನ ಅದಿರು ಸಿಕ್ತು. ತಮ್ಮ ನೆಲವನ್ನ ತಾವೇ ನೋಡ್ಕೊಂಡು ಲಾಭ ಪಡೆಯೋ ಅವಕಾಶ ಎಷ್ಟೋ ಕ್ವಾಪಾ ಜನರಿಗೆ ಸಿಗಲೇ ಇಲ್ಲ. ವ್ಯವಹಾರ ಮಾಡೋ ಸಾಮರ್ಥ್ಯ ಇವರಿಗಿಲ್ಲ ಅಂತ ಸರ್ಕಾರವೇ ಕಾಗದದ ಮೇಲೆ ಬರೆದು, ಅವರ ಪರವಾಗಿ ಲೀಸ್‌ಗಳನ್ನ ತಾನೇ ನಿಭಾಯಿಸ್ತು.

ಗಣಿ ಕಂಪನಿಯ ಮಾಲೀಕ ಒ. ಎಸ್. ಪಿಚರ್ ಹೆಸರನ್ನೇ ಊರಿಗೆ ಇಟ್ರು. 1918ರಲ್ಲಿ ಅದು ಅಧಿಕೃತವಾಗಿ ಪಟ್ಟಣ ಆಯ್ತು. 1926ರಲ್ಲಿ ಅಲ್ಲಿದ್ದ ಜನ 14,252, ಅದೇ ಶಿಖರ. ಗಣಿ ಕೆಲಸಕ್ಕೆ ಮಿಸ್ಸೌರಿಯ ಜಾಪ್ಲಿನ್‌ನಿಂದಲೂ ಜನ ಟ್ರಾಲಿ ಹತ್ತಿ ಬರ್ತಿದ್ರು. ಮೊದಲ ಮಹಾಯುದ್ಧದಲ್ಲಿ ಬಳಕೆಯಾದ ಸೀಸ ಮತ್ತು ಸತುವಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಿಚರ್ ಸುತ್ತಮುತ್ತಲಿನದ್ದು ಅಂತ ಹೇಳ್ತಾರೆ. ಬುಲೆಟ್‌ಗೆ ಸೀಸ ಬೇಕು, ಹಿತ್ತಾಳೆಗೆ ಸತು ಬೇಕು. ಯುದ್ಧ ಇದ್ದಷ್ಟು ದಿನ ಊರು ಜೋರು.

ಚ್ಯಾಟ್, ನಾವು ಮಾಡೋದಲ್ಲ

ಇಲ್ಲಿ ಸ್ವಲ್ಪ ಟೆಕ್ನಿಕಲ್ ಆಗೋಣ. ಸೀಸದ ಅದಿರು ಗೆಲೀನಾ, ಅಂದ್ರೆ ಲೆಡ್ ಸಲ್ಫೈಡ್. ಸತುವಿನದ್ದು ಸ್ಫಾಲರೈಟ್, ಅಂದ್ರೆ ಜಿಂಕ್ ಸಲ್ಫೈಡ್. ಇವು ಸುಣ್ಣದಕಲ್ಲು ಮತ್ತು ಚರ್ಟ್ ಅನ್ನೋ ಗಟ್ಟಿ ಕಲ್ಲಿನ ಮಧ್ಯೆ ಸಿಕ್ಕಿಕೊಂಡಿರುತ್ತವೆ. ತೆಗೆದ ಕಲ್ಲಿನಲ್ಲಿ ಅದಿರು ಸಿಗೋದು ಸ್ವಲ್ಪವೇ, ಉಳಿದದ್ದೆಲ್ಲ ಬರೀ ಕಲ್ಲು.

ಬೇರ್ಪಡಿಸೋದು ಹೇಗೆ? ಡೆನ್ಸಿಟಿ ನೋಡಿ. ಗೆಲೀನಾದ್ದು ಸುಮಾರು 7.5, ಸ್ಫಾಲರೈಟ್‌ನದ್ದು ಸುಮಾರು 4, ಚರ್ಟ್‌ನದ್ದು ಸುಮಾರು 2.6. ಕಲ್ಲನ್ನ ಪುಡಿ ಮಾಡಿ ನೀರಲ್ಲಿ ಹಾಕಿ ಮೇಲೆ ಕೆಳಗೆ ಅಲ್ಲಾಡಿಸಿದ್ರೆ ಭಾರದ್ದು ಕೆಳಗೆ ಕೂರುತ್ತೆ, ಹಗುರ ಇರೋದು ಮೇಲೆ ಬರುತ್ತೆ. ಅಕ್ಕಿ ತೊಳೆದು ಕಲ್ಲು ತೆಗೆಯೋ ನಮ್ಮ ಅಜ್ಜಿಯರ ಟೆಕ್ನಿಕ್ಕೇ ಇದು, ಮಷಿನ್ ಹೆಸರು ಜಿಗ್ ಅಷ್ಟೇ. ಮೇಲೆ ಬಂದ ಕಲ್ಲುಪುಡಿಯನ್ನ ಪಕ್ಕಕ್ಕೆ ಸುರೀತಿದ್ರು. ಅದನ್ನ ಅಲ್ಲಿನ ಜನ ಕರೀತಿದ್ದದ್ದು ಚ್ಯಾಟ್ ಅಂತ.

ಸುರಿದು ಸುರಿದು ಚ್ಯಾಟ್ ಗುಡ್ಡಗಳಾದವು. ಕೆಲವು ಗುಡ್ಡ 60 ಮೀಟರ್ ಎತ್ತರ, ಅಂದ್ರೆ ಹತ್ತಿರಹತ್ತಿರ ಇಪ್ಪತ್ತು ಮಹಡಿ. ಕೆ.ಜಿ.ಎಫ್.ನ ಸೈನೈಡ್ ದಿಬ್ಬಗಳನ್ನ ನೋಡಿದವರಿಗೆ ಚಿತ್ರ ತಕ್ಷಣ ಕಣ್ಣಿಗೆ ಬರುತ್ತೆ. ವ್ಯತ್ಯಾಸ ಏನಂದ್ರೆ, ಪಿಚರ್‌ನಲ್ಲಿ ಈ ಗುಡ್ಡಗಳು ಮನೆಗಳ ಹಿತ್ತಿಲಲ್ಲೇ ಇದ್ದವು. ಗಣಿ ಮುಚ್ಚಿದಾಗ ಉಳಿದ ಚ್ಯಾಟ್ ಸುಮಾರು 7 ಕೋಟಿ ಟನ್.

ಸಮಸ್ಯೆ ಇರೋದು ಇಲ್ಲಿ. ಜಿಗ್ ನೂರಕ್ಕೆ ನೂರು ಬೇರ್ಪಡಿಸಲ್ಲ. ತುಂಬಾ ಸಣ್ಣ ಕಣಗಳು ಭಾರ ಇದ್ದರೂ ಬೇಗ ಮುಳುಗಲ್ಲ, ಕಲ್ಲಿನ ಜೊತೆಗೇ ಹೋಗ್ತವೆ. ಅಂದ್ರೆ ಚ್ಯಾಟ್‌ನಲ್ಲಿ ಸೀಸ, ಸತು, ಕ್ಯಾಡ್ಮಿಯಂ ಉಳಿದೇ ಇತ್ತು. ಅದರಲ್ಲೂ ಹೆಚ್ಚು ಇದ್ದದ್ದು ಗಾಳಿಗೆ ಹಾರೋ ಸಣ್ಣ ಪುಡಿಯಲ್ಲಿ.

ಊರವರಿಗೆ ಚ್ಯಾಟ್ ಅಂದ್ರೆ ಫ್ರೀ ಜಲ್ಲಿ. ರಸ್ತೆಗೆ ಹಾಕಿದ್ರು, ಮನೆ ಮುಂದಿನ ದಾರಿಗೆ ಹಾಕಿದ್ರು, ಕಾಂಕ್ರೀಟಿಗೆ ಬೆರೆಸಿದ್ರು. ಮಕ್ಕಳು ಆಡೋ ಮರಳಿನ ಡಬ್ಬಕ್ಕೂ ಅದನ್ನೇ ತುಂಬಿದ್ರು. ಮಕ್ಕಳು ಆ ಗುಡ್ಡ ಹತ್ತಿ ಜಾರುಬಂಡಿ ಆಡ್ತಿದ್ರು. ಅಲ್ಲಿ ಬೆಳೆದವರು ತಮ್ಮನ್ನ 'ಚ್ಯಾಟ್ ರ‍್ಯಾಟ್ಸ್' ಅಂತ ಕರ್ಕೊಳ್ತಿದ್ರು, ಹೆಮ್ಮೆಯಿಂದಲೇ.

ಪಂಪ್ ನಿಂತಾಗ

1967ರಲ್ಲಿ ಗಣಿಗಾರಿಕೆ ನಿಂತಿತು. ಗ್ರಾಫಲ್ಲಿ ನೋಡಿ, 1970ರಲ್ಲಿ 2,363 ಜನ ಇದ್ದಾರೆ, 2000ದಲ್ಲಿ 1,640. ಅಂದ್ರೆ ಕೆಲಸ ಹೋದ ಮೇಲೂ ಜನ ಉಳಿದ್ರು. ಮನೆ ಸ್ವಂತದ್ದು, ಸ್ಕೂಲ್ ಇತ್ತು, ಚರ್ಚ್ ಇತ್ತು, ಪಕ್ಕದ ಊರಿಗೆ ಕೆಲಸಕ್ಕೆ ಹೋಗಿಬರಬಹುದಿತ್ತು. ಪಿಚರ್ ಹೈಸ್ಕೂಲ್ ತಂಡದ ಹೆಸರು ಗೊರಿಲ್ಲಾಸ್. 1984ರಲ್ಲಿ ಆ ತಂಡ ರಾಜ್ಯದ ಫುಟ್‌ಬಾಲ್ ಚಾಂಪಿಯನ್ ಆಯ್ತು. ಇದು ಸಾಯ್ತಿರೋ ಊರಿನ ಲಕ್ಷಣ ಅಲ್ಲ. ಚಿಕ್ಕದಾಗಿ, ಬಡತನದಲ್ಲಿ, ಆದರೂ ನಡೀತಿರೋ ಊರು.

ಆದರೆ ನೆಲದ ಕೆಳಗೆ ಬೇರೆ ಏನೋ ನಡೀತಿತ್ತು. ಗಣಿ ನಡೆಯೋವಾಗ ಅಂತರ್ಜಲ ಒಳಗೆ ನುಗ್ಗದ ಹಾಗೆ ಹಗಲು ರಾತ್ರಿ ಪಂಪ್ ಓಡಿಸ್ತಿದ್ರು. ನೀರು ಇಲ್ಲದ ಸುರಂಗಕ್ಕೆ ಗಾಳಿ ಬಂತು, ಗೋಡೆಯಲ್ಲಿದ್ದ ಸಲ್ಫೈಡ್ ಖನಿಜಗಳು ಆಕ್ಸಿಜನ್ ಜೊತೆ ಸೇರಿ ಬದಲಾದವು. ಗಣಿ ನಿಂತ ಮೇಲೆ ಪಂಪೂ ನಿಂತಿತು. ನೀರು ತುಂಬಿಕೊಳ್ತಾ ಬಂದು ಆ ಎಲ್ಲ ಲವಣ ಮತ್ತು ಆಮ್ಲವನ್ನ ಕರಗಿಸಿಕೊಳ್ತು. ಫಸ್ಟ್ ಇಯರ್ ಕೆಮಿಸ್ಟ್ರಿಯಲ್ಲಿ ಓದಿದ್ದೇ: ಪೈರೈಟ್, ಆಕ್ಸಿಜನ್, ನೀರು ಸೇರಿದ್ರೆ ಸಲ್ಫ್ಯೂರಿಕ್ ಆಸಿಡ್ ಮತ್ತು ಕರಗಿದ ಕಬ್ಬಿಣ.

ತುಂಬೋಕೆ ಹನ್ನೆರಡು ವರ್ಷ ಬೇಕಾಯ್ತು. 1979ರಲ್ಲಿ ಆ ನೀರು ಹಳೆಯ ತೂತುಗಳಿಂದ ಮೇಲೆ ಉಕ್ಕಿ ಟಾರ್ ಕ್ರೀಕ್ ಅನ್ನೋ ಹಳ್ಳಕ್ಕೆ ಸೇರ್ತು. ಗಾಳಿ ತಾಗಿದ ತಕ್ಷಣ ಕಬ್ಬಿಣ ತುಕ್ಕಾಗಿ ಹಳ್ಳ ಕಿತ್ತಳೆ ಬಣ್ಣಕ್ಕೆ ತಿರುಗಿತು. 1983ರಲ್ಲಿ ಅಮೆರಿಕದ ಪರಿಸರ ಸಂಸ್ಥೆ ಇ.ಪಿ.ಎ. ಟಾರ್ ಕ್ರೀಕನ್ನ ಸೂಪರ್‌ಫಂಡ್ ಪಟ್ಟಿಗೆ ಸೇರಿಸ್ತು. ಸೂಪರ್‌ಫಂಡ್ ಅಂದ್ರೆ ದೇಶದ ಅತಿ ಕೆಟ್ಟ ವಿಷಪೂರಿತ ಜಾಗಗಳನ್ನ ಕ್ಲೀನ್ ಮಾಡೋ ಕಾರ್ಯಕ್ರಮ. ಹಳ್ಳದ ದಿಕ್ಕು ಬದಲಿಸಿದ್ರು, ಹಳೆಯ ಬಾವಿಗಳನ್ನ ಮುಚ್ಚಿದ್ರು. ಹಳ್ಳ ಮಾತ್ರ ಕಿತ್ತಳೆಯಾಗಿಯೇ ಉಳೀತು.

ಕಣ್ಣಿಗೆ ಕಾಣದ್ದು

ನನಗೆ ಅತಿ ಹೆಚ್ಚು ಶಾಕ್ ಆಗಿದ್ದು ಮುಂದಿನ ಭಾಗ. ಹತ್ತು ವರ್ಷ ಎಲ್ಲರೂ ನೋಡಿದ್ದು ಕಿತ್ತಳೆ ನೀರನ್ನ. ಅದು ಫೋಟೋದಲ್ಲಿ ಚೆನ್ನಾಗಿ ಬರುತ್ತೆ. ಹಿತ್ತಿಲಲ್ಲಿದ್ದ ಬೂದುಬಣ್ಣದ ಗುಡ್ಡವನ್ನ ಯಾರೂ ವಿಷ ಅಂತ ನೋಡಲಿಲ್ಲ.

1994ರಲ್ಲಿ ಮೂಲನಿವಾಸಿಗಳಿಗೆ ವೈದ್ಯಕೀಯ ಸೇವೆ ಕೊಡೋ ಇಂಡಿಯನ್ ಹೆಲ್ತ್ ಸರ್ವಿಸ್, ಆ ಪ್ರದೇಶದ ಮಕ್ಕಳ ರಕ್ತ ಪರೀಕ್ಷೆಯ ಫಲಿತಾಂಶ ತಿಳಿಸ್ತು. ಪರೀಕ್ಷೆ ಮಾಡಿದ ಮೂರು ಮಕ್ಕಳಲ್ಲಿ ಹತ್ತಿರಹತ್ತಿರ ಒಂದು ಮಗುವಿನ ರಕ್ತದಲ್ಲಿ ಸೀಸ ಮಿತಿ ಮೀರಿತ್ತು. ಆಗ ಮಿತಿ ಅಂದ್ರೆ ಒಂದು ಡೆಸಿಲೀಟರ್ ರಕ್ತಕ್ಕೆ 10 ಮೈಕ್ರೋಗ್ರಾಂ. ಅದೇ ಮಿತಿಯನ್ನ 2012ರಲ್ಲಿ 5ಕ್ಕೆ, 2021ರಲ್ಲಿ 3.5ಕ್ಕೆ ಇಳಿಸಿದ್ದಾರೆ. ಇಷ್ಟು ಸೀಸ ಇದ್ರೆ ಏನೂ ಆಗಲ್ಲ ಅಂತ ಹೇಳೋ ಮಟ್ಟ ಇದುವರೆಗೂ ಸಿಕ್ಕಿಲ್ಲ.

ಸೀಸ ದೇಹದಲ್ಲಿ ಕ್ಯಾಲ್ಸಿಯಂ ವೇಷ ಹಾಕುತ್ತೆ. ಎಲುಬಿನಲ್ಲಿ ಸೇರುತ್ತೆ, ಬೆಳೀತಿರೋ ಮೆದುಳಿಗೂ ಹೋಗುತ್ತೆ. ಪುಟ್ಟ ಮಕ್ಕಳು ನೆಲದ ಮೇಲೆ ಆಡಿ ಅದೇ ಕೈಯನ್ನ ಬಾಯಿಗೆ ಇಡ್ತಾರೆ. ಜ್ವರ ಬರಲ್ಲ, ನೋವು ಕಾಣಲ್ಲ. ಮಗು ಕ್ಲಾಸಲ್ಲಿ ಗಮನ ಕೊಡಲ್ಲ, ಓದಿದ್ದು ನೆನಪಿರಲ್ಲ, ಅಷ್ಟೇ. ನಮ್ಮಲ್ಲಾದ್ರೆ 'ದಡ್ಡ' ಅಂತ ಒಂದು ಪದದಲ್ಲಿ ಮುಗಿಸಿಬಿಡ್ತೀವಿ. ಅಲ್ಲೂ ಎಷ್ಟೋ ಮಕ್ಕಳಿಗೆ ಹಾಗೇ ಆಗಿರಬೇಕು, ರಕ್ತ ಪರೀಕ್ಷೆ ಆಗೋವರೆಗೆ.

ಆಮೇಲೆ ಇ.ಪಿ.ಎ. ಮನೆಮನೆಯ ಅಂಗಳದ ಮಣ್ಣು ಅಗೆದು ಹೊಸ ಮಣ್ಣು ಹಾಕಿತು. ಆ ಪ್ರದೇಶದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜಾಗಗಳಲ್ಲಿ ಹೀಗೆ ಮಾಡಿದ್ರು. ಮಕ್ಕಳ ರಕ್ತದಲ್ಲಿ ಸೀಸ ಇಳೀತಾ ಬಂತು. ಆದರೆ ಅಂಗಳ ಕ್ಲೀನ್ ಆದ್ರೂ ಗುಡ್ಡ ಅಲ್ಲೇ ಇತ್ತು. ಗಾಳಿ ಬೀಸಿದಾಗಲೆಲ್ಲ ಪುಡಿ ಬರ್ತಿತ್ತು.

ಕಂಬ ಕೆತ್ತಿದ ಕಥೆ

ಇಲ್ಲಿ ಗಣಿ ತೋಡಿದ್ದು ರೂಮ್ ಅಂಡ್ ಪಿಲ್ಲರ್ ಪದ್ಧತಿಯಲ್ಲಿ. ಅಂದ್ರೆ ಅದಿರು ತೆಗೆದು ದೊಡ್ಡ ದೊಡ್ಡ ಕೋಣೆ ಮಾಡ್ತಾರೆ, ಮೇಲಿನ ನೆಲ ಕುಸಿಯದ ಹಾಗೆ ಮಧ್ಯೆ ಮಧ್ಯೆ ಕಲ್ಲಿನ ಕಂಬ ಬಿಡ್ತಾರೆ. ತೊಂದರೆ ಏನಂದ್ರೆ ಕಂಬದಲ್ಲೂ ಅದಿರು ಇರುತ್ತೆ. ಹೊಸ ಅದಿರು ಸಿಗೋದು ಕಡಿಮೆ ಆದಾಗ ಆ ಕಂಬಗಳನ್ನೇ ಕೆತ್ತಿ ತೆಗೆದ್ರು. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಓದಿದವರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ. ಲೋಡ್ ಅಷ್ಟೇ, ಏರಿಯಾ ಕಡಿಮೆ.

1950ರ ಸುಮಾರಿಗೇ ಪೇಟೆಯ ನಡುವಿನ ಒಂದು ಭಾಗವನ್ನ ಕುಸಿತದ ಭಯದಿಂದ ಖಾಲಿ ಮಾಡಿಸಿದ್ರು. ಆದರೂ ಊರು ಮುಂದುವರೀತು. 2006ರ ಜನವರಿಯಲ್ಲಿ ಅಮೆರಿಕ ಸೇನೆಯ ಎಂಜಿನಿಯರ್‌ಗಳ ಪಡೆ ಮಾಡಿದ ಅಧ್ಯಯನ ಹೊರಬಂತು. ಪಿಚರ್‌ನ ಕಟ್ಟಡಗಳಲ್ಲಿ 86 ಪರ್ಸೆಂಟ್‌ನ ಕೆಳಗೆ ಟೊಳ್ಳು, ಯಾವಾಗ ಬೇಕಾದರೂ ಕುಸೀಬಹುದು, ಸ್ಕೂಲೂ ಸೇರಿ. ಸೀಸದ ವಿಷಯದಲ್ಲಿ 'ನಾವೂ ಇಲ್ಲೇ ಬೆಳೆದಿಲ್ವಾ, ಏನಾಯ್ತು' ಅನ್ನಬಹುದಿತ್ತು. ನಿಂತ ನೆಲವೇ ಟೊಳ್ಳು ಅಂದಾಗ ಆ ಮಾತು ಉಳಿಯಲಿಲ್ಲ.

ಊರು ಖಾಲಿ ಆಗಿದ್ದು

ಚಿಕ್ಕ ಮಕ್ಕಳಿರೋ ಕುಟುಂಬಗಳನ್ನ ಸಾಗಿಸೋ ಕೆಲಸವನ್ನ ರಾಜ್ಯ ಸರ್ಕಾರ ಮೊದಲೇ ಶುರು ಮಾಡಿತ್ತು. ವರದಿ ಬಂದ ಮೇಲೆ ಕೇಂದ್ರದ ಹಣದಿಂದ ಎಲ್ಲರ ಮನೆ ಕೊಂಡುಕೊಳ್ಳೋ ಯೋಜನೆ ಬಂತು. ಹೋಗಲೇಬೇಕು ಅಂತ ಬಲವಂತ ಇರಲಿಲ್ಲ. ಆದರೆ ಪಕ್ಕದ ಮನೆ ಖಾಲಿ ಆದ್ರೆ, ಅಂಗಡಿ ಮುಚ್ಚಿದ್ರೆ, ಸ್ಕೂಲಲ್ಲಿ ಮಕ್ಕಳು ಕಡಿಮೆ ಆದ್ರೆ, ಉಳಿಯೋದು ಎಷ್ಟು ದಿನ? ಕೊಟ್ಟ ಬೆಲೆ ಸಾಲಲ್ಲ ಅಂತ ಎಷ್ಟೋ ಜನ ಜಗಳ ಆಡಿದ್ರು. ವಿಷದ ಊರಲ್ಲಿರೋ ಮನೆಯ ಮಾರ್ಕೆಟ್ ಬೆಲೆ ಎಷ್ಟು ಅಂತ ಹೇಗೆ ಲೆಕ್ಕ ಹಾಕ್ತೀರಾ?

ಜನ ಯೋಚನೆ ಮಾಡ್ತಿರೋವಾಗಲೇ 2008ರ ಮೇ 10ರಂದು ಭಾರಿ ಸುಂಟರಗಾಳಿ ಊರಿನ ಒಂದು ದೊಡ್ಡ ಭಾಗವನ್ನ ನೆಲಸಮ ಮಾಡಿತು. ಪಿಚರ್‌ನಲ್ಲಿ 6 ಜನ ಸತ್ರು. ಬಿದ್ದ ಮನೆಗಳನ್ನ ಮತ್ತೆ ಕಟ್ಟೋಕೆ ಅರ್ಥವೇ ಇರಲಿಲ್ಲ. ಹಣ ಹೋಗಿದ್ದು ಜನರನ್ನ ಸಾಗಿಸೋದಕ್ಕೆ.

2009ರ ಮೇ ತಿಂಗಳಲ್ಲಿ ಹೈಸ್ಕೂಲಿನ ಕೊನೆಯ ಬ್ಯಾಚ್ ಪಾಸಾಯ್ತು. ಇದ್ದದ್ದು 11 ಜನ. ನಮ್ಮ ಒಂದು ಲ್ಯಾಬ್ ಬ್ಯಾಚ್‌ಗಿಂತ ಕಡಿಮೆ. ಅವರಿಗೆ ಆಗ ನಮಗಿಂತ ಒಂದೋ ಎರಡೋ ವರ್ಷ ಕಡಿಮೆ ವಯಸ್ಸು. ರಜೆಗೆ ಊರಿಗೆ ಹೋಗ್ತೀನಿ ಅಂತ ನಾವು ಸುಲಭವಾಗಿ ಹೇಳ್ತೀವಲ್ಲ, ಅವರಿಗೆ ಆ ವಾಕ್ಯವೇ ಇಲ್ಲ. ಸೆಪ್ಟೆಂಬರ್ 1ಕ್ಕೆ ಪಟ್ಟಣದ ಆಡಳಿತವೂ ಕೆಲಸ ನಿಲ್ಲಿಸ್ತು.

ಉಳಿದ ಕೆಲವರಲ್ಲಿ ಒಬ್ಬರು ಔಷಧಿ ಅಂಗಡಿಯವರು. ಸುತ್ತಮುತ್ತಲಿನವರಿಗೆ ಔಷಧಿ ಬೇಕಲ್ಲ ಅಂತ ಅವರು ಅಂಗಡಿ ಮುಚ್ಚಲಿಲ್ಲ. 2015ರಲ್ಲಿ ಅವರು ತೀರಿಕೊಂಡ್ರು.

ಈಗ ಏನಿದೆ

ಮೊದಲಿಂದ ಯಾರ ನೆಲವೋ ಅವರೇ ಈಗ ಕ್ಲೀನ್ ಮಾಡ್ತಿದ್ದಾರೆ. 2013ರ ಸುಮಾರಿಗೆ ಕ್ವಾಪಾ ಸಮುದಾಯ ಇಲ್ಲಿನ ಒಂದು ಸೂಪರ್‌ಫಂಡ್ ಜಾಗದ ಕೆಲಸವನ್ನ ತಾನೇ ವಹಿಸಿಕೊಂಡಿತು. ಒಂದು ಮೂಲನಿವಾಸಿ ಸಮುದಾಯ ಇಂಥ ಕೆಲಸವನ್ನ ತಾನೇ ನಡೆಸಿದ್ದು ಅದೇ ಮೊದಲು. ಚ್ಯಾಟನ್ನ ಲೋಡ್ ಲೋಡ್ ಸಾಗಿಸಿ, ನೆಲ ಸರಿಮಾಡಿ, ಮತ್ತೆ ಹುಲ್ಲು ಬೆಳೆಯೋ ಹಾಗೆ ಮಾಡ್ತಾರೆ. ಒಂದಷ್ಟು ಚ್ಯಾಟ್ ರಸ್ತೆಯ ಡಾಂಬರಿಗೆ ಹೋಗುತ್ತೆ. ಡಾಂಬರಿನೊಳಗೆ ಸಿಕ್ಕಿಕೊಂಡ ಪುಡಿ ಹಾರಲ್ಲ, ಅದಕ್ಕೇ ಅದಕ್ಕೆ ಅನುಮತಿ ಇದೆ. ಮರಳಿನ ಡಬ್ಬಕ್ಕೆ ಇಲ್ಲ.

ಪಕ್ಕದ ಕಾಮರ್ಸ್ ಊರಲ್ಲಿ ಒಕ್ಲಹೋಮ ವಿಶ್ವವಿದ್ಯಾಲಯದ ರಾಬರ್ಟ್ ನೈರ್ನ್ ಮತ್ತು ಅವರ ತಂಡ 2008ರಲ್ಲಿ ಒಂದು ಟ್ರೀಟ್‌ಮೆಂಟ್ ವ್ಯವಸ್ಥೆ ಕಟ್ಟಿದ್ರು. ಸಾಲಾಗಿ ಕೊಳಗಳು. ಮೊದಲ ಕೊಳದಲ್ಲಿ ಕಬ್ಬಿಣ ತುಕ್ಕಾಗಿ ತಳ ಸೇರುತ್ತೆ, ಮುಂದಿನವುಗಳಲ್ಲಿ ಬ್ಯಾಕ್ಟೀರಿಯಾ ಸಹಾಯದಿಂದ ಸತು, ಸೀಸ, ಕ್ಯಾಡ್ಮಿಯಂ ಮತ್ತೆ ಸಲ್ಫೈಡ್ ಆಗಿ ಕೂರ್ತವೆ. ನೀರು ಇಳಿಜಾರಲ್ಲಿ ತಾನೇ ಹರಿಯುತ್ತೆ, ಕೆಮಿಕಲ್ ಸುರಿಯೋ ಕೆಲಸ ಇಲ್ಲ. ಒಂದು ತುದಿಯಲ್ಲಿ ಕಿತ್ತಳೆ ನೀರು ಒಳಗೆ, ಇನ್ನೊಂದು ತುದಿಯಲ್ಲಿ ತಿಳಿನೀರು ಹೊರಗೆ. ನೂರಾರು ಅಡಿ ಕೆಳಗೆ ಆದ ಕೆಮಿಸ್ಟ್ರಿಯನ್ನ ಮೇಲೆ ಉಲ್ಟಾ ಓಡಿಸ್ತಿದ್ದಾರೆ, ಅಷ್ಟೇ.

ಗಣಿ ಮುಚ್ಚಿದ್ದು 1967ರಲ್ಲಿ, ಊರು ಮುಚ್ಚಿದ್ದು 2009ರಲ್ಲಿ. ನಡುವೆ 42 ವರ್ಷ. ಚ್ಯಾಟ್ ಸುರಿದವರಿಗೆ ಅದರ ಬಿಲ್ ಬರಲಿಲ್ಲ. ಬಂದದ್ದು ಅವರು ಹೋದ ಮೇಲೆ ಹುಟ್ಟಿದ ಮಕ್ಕಳಿಗೆ.

ಇದನ್ನ ಬರೆದ ಮೇಲೆ ನಮ್ಮದೇ ಮಿನಿ ಪ್ರಾಜೆಕ್ಟ್ ರಿಪೋರ್ಟ್ ತೆಗೆದು ನೋಡಿದೆ. ವೇಸ್ಟ್ ಎಲ್ಲಿ ಹೋಗುತ್ತೆ ಅನ್ನೋ ಭಾಗ ನಾಲ್ಕೇ ಲೈನ್ ಇತ್ತು. ಸಬ್ಮಿಟ್ ಮಾಡೋ ಹಿಂದಿನ ರಾತ್ರಿ ಸೀನಿಯರ್ ರಿಪೋರ್ಟ್‌ನಿಂದ ಎತ್ತಿ ಹಾಕಿದ್ದೆವು. ಮಾರ್ಕ್ಸ್ ಫುಲ್ ಬಂದಿತ್ತು. ಈ ಸಲದ ಪ್ರಾಜೆಕ್ಟ್‌ಗೆ ಆ ಭಾಗವನ್ನ ಮೊದಲು ಬರೆಯೋಣ ಅಂತ ಟೀಮ್‌ಗೆ ಹೇಳಿದ್ದೀನಿ. ಇಬ್ಬರು ನಕ್ಕರು, ಒಬ್ಬಳು ಒಪ್ಪಿದಳು. ಸದ್ಯಕ್ಕೆ ಅಷ್ಟು ಸಾಕು.